ಅಳತೆಗೆ ಸಿಗದ ಅತ್ತೆ

ಮಿಲ್ಟನ್
ಅಕ್ಟೋಬರ್ ೨೦, ೨೦೨೪

ನಿಜಗುಣ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನಿನ್ನ ಅವ್ವ ಮನೆ ಬಿಟ್ಟು ಹೋದರು. ಗಾಬರಿಯಾಗಬೇಡ, ಪೋರ್ಟ್ ಕ್ರೆಡಿಟ್‌ನಲ್ಲಿ ಗೆಳತಿ ನಿಂಗವ್ವನ ಮನೆಯಲ್ಲಿ ಆರಾಮಾಗಿದ್ದಾರೆ. ಫೋನ್ ಮಾಡಿದರೆ ನಾವಿಬ್ಬರೂ ಮತ್ತೆ ಪಾಸಿಟಿವಿಸಂಗೇ, ಅಳತೆಗೆ ಸಿಕ್ಕಿದ್ದಷ್ಟೇ ಸತ್ಯ ಎನ್ನುವ ನಿನ್ನ ವಾದಕ್ಕೇ, ಬಂದು ನಿಲ್ಲುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಕಾಗಿಹೋಗಿದೆ ನನಗೆ. ಒಂದೇ ವಿಭಾಗದಲ್ಲಿ ಸಮಾಜಶಾಸ್ತ್ರ ಕಲಿಸುವ ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿ ಯಾಕೆ ಮನೆ ಮಾಡಿದ್ದೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಸೆಮಿನಾರಿನಲ್ಲಿ ಎಲ್ಲರೆದುರು ನೀನು, ಅಳೆಯಲು ಬಾರದ್ದು ವಿಜ್ಞಾನವೇ ಅಲ್ಲ, ನೀಲಾಂಬಿಕಾ ಕೂಡಿಹಾಕಿದ್ದು ಬರೀ ಕಥೆ ಎಂದು ನನ್ನ ಹೆಸರು ಹಿಡಿದೇ ಅಂದೆ. ಮನುಷ್ಯರೇನು ಕಲ್ಲೇ, ಅವರ ಮಾತಿನ ಅರ್ಥ ಹುಡುಕಬೇಕು ಎಂದು ನಾನೂ ಕೂಗಾಡಿದೆ. ಆ ವಾರವೇ ನೀನು ಅವ್ವನನ್ನು ನನ್ನ ಜೊತೆ ಬಿಟ್ಟು ಅರೋರಾಕ್ಕೆ ಹೋದೆ.

ಹೋದವನು ಸುಮ್ಮನಿರಬಾರದೇ? ಕಳೆದ ಭಾನುವಾರ ಈ ಮನೆಗೇ ಬಂದು, ವಲಸೆ ಬಂದ ಹಿರಿಯರ ಒಂಟಿತನದ ಸರ್ವೇ ಹಿಡಿದು ಹೆತ್ತ ತಾಯಿಯ ಮುಂದೆಯೇ ಕುಳಿತೆ. ಒಂಟಿ ಅನಸತೈತೇನವ್ವಾ, ಯಾವಾಗಲೂ, ಆಗಾಗ, ಎಂದೂ ಇಲ್ಲ, ಯಾವುದು ಹೇಳು ಎಂದೆ.

"ಎಂದೂ ಇಲ್ಲ ಅಂತ ಬರಕೋಪಾ" ಅಂದರು. ನೀನು ಗೆದ್ದವನಂತೆ ನನ್ನ ಕಡೆ ನೋಡಿದೆ. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿಯಿತು.

ನೀನು ಹೋದ ಮೇಲೆ ನಾನು ರೆಕಾರ್ಡರ್ ಹಚ್ಚಿದೆ. ಮಗನಿಗೆ ನೋವಾದೀತೆಂದು ಹಾಗೆ ಹೇಳಿದ್ದಾರೆ, ಒಳಗೆ ದುಃಖವಿದೆ ಎಂದು ನಂಬಿ ವಾರವಿಡೀ ಕೆದಕಿದೆ. ಹುಬ್ಬಳ್ಳಿ ನೆನಪಾಗತೈತೇನು, ಮಾವ ನೆನಪಾಗತಾರೇನು? ಅವರು ಸುಮ್ಮನಾದರೆ ಆ ಮೌನಕ್ಕೂ ಒಂದು ಅರ್ಥ ಬರೆದುಕೊಂಡೆ.

ನಿನ್ನೆ ಬೆಳಗ್ಗೆ ನೋಡಿದರೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಹೊರಗೆ ನಿಂಗವ್ವ ಮಗಳ ಕಾರಿನಲ್ಲಿ ಕಾಯುತ್ತಿದ್ದರು. ಯಾಕತ್ತೀ ಎಂದೆ.

"ನೀಲಾ, ನಾ ಒಬ್ಬಾಕಿ ಇದ್ದಾಗ ಖರೇನ ಆರಾಮ ಇರತೇನಿ. ನೀವಿಬ್ಬರೂ ಕೇಳಾಕ ಕುಂತರ ಬ್ಯಾಸರಾಗತೈತಿ. ಅವ ಉತ್ತರ ಅಷ್ಟ ಬರಕೊಂಡ, ಯಾಕ ಅಂತ ಕೇಳಲಿಲ್ಲ. ನೀ ಯಾಕ ಅಂತ ಕೇಳಿದಿ, ಹೇಳಿದ್ದು ನಂಬಲಿಲ್ಲ. ನಿಂಗವ್ವನ ಊರಾಗ ನೀರಿನ ದಂಡಿಗೆ ಆಕಿ, ನಾ ಇಬ್ಬರೂ ಅಡ್ಡ್ಯಾಡಕೋಂತ ಇರತೇವಿ."

ಇದನ್ನೋದಿ ಮೀಸೆ ತಿರುವಬೇಡ. ನಿನ್ನ ಕೋಷ್ಟಕ ಸರಿ ಬಂತು, ಒಪ್ಪಿದೆ. ಆದರೆ ಆ ಉತ್ತರ ಕೊಟ್ಟವರು ನಮ್ಮ ಕಾಟಕ್ಕೆ ಚೀಲ ಕಟ್ಟುತ್ತಾರೆಂದು ಅದರ ಯಾವ ಅಂಕಣದಲ್ಲಿತ್ತು? ನಾನು ರೆಕಾರ್ಡಿಂಗ್ ಅಳಿಸಿದ್ದೇನೆ. ನೀನೂ ಅವರ ಉತ್ತರ ತೆಗೆದುಹಾಕು. ನಮ್ಮ ಜಗಳಕ್ಕೆ ಅವರನ್ನು ಸಾಕ್ಷಿ ಮಾಡುವುದು ಇನ್ನು ಬೇಡ.

ಇನ್ನೂ ಸಿಟ್ಟು ಇಳಿಯದ,
ನೀಲಾಂಬಿಕಾ

ಬರೆಯಲು ಮರೆತೆ: ಮುಂದಿನ ಭಾನುವಾರ ನಿಂಗವ್ವ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಾರೆ. ಅರೋರಾದಿಂದ ಮಿಲ್ಟನ್‌ಗೆ ಬಂದು ಹೋದರೆ ನಿನಗೆ ಸುತ್ತಾಗುತ್ತದೆ, ಗೊತ್ತು. ನನ್ನ ಕಾರೂ ಕೆಟ್ಟಿಲ್ಲ. ಆದರೂ ಬಂದು ಕರೆದುಕೊಂಡು ಹೋಗು.