ಅರ ಹಿಡಿದ ಕೈ

ಶ್ರೀನಿವಾಸಪುರ
೧೯-೫-೧೯೮೮

ಚಿರಂಜೀವಿ ಸುಬ್ರಹ್ಮಣ್ಯನಿಗೆ,

ನಿನ್ನ ಅಪ್ಪನ ಆಶೀರ್ವಾದ. ಬೆಂಗಳೂರಿನಿಂದ ನೀನು ಬರೆದ ಎರಡು ಕಾಗದವೂ ಬಂದವು. ಎರಡಕ್ಕೂ ಸೇರಿಸಿ ಇದೊಂದೇ ಉತ್ತರ, ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಪುರಸೊತ್ತಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು, ಹರಿದು ಹಾಕುತ್ತಿದ್ದೆ.

ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವಿಗೆ ಪಕ್ಕದ ಮನೆ ಅಕ್ಕಯಮ್ಮ ಹೇಳಿದ ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಮನೆಯೆಲ್ಲ ನಾರುತ್ತಿದೆ. ಮಾವು ಈ ಸಲ ಜೋರು. ಮಂಡಿ ರಸ್ತೆಯಲ್ಲಿ ಲಾರಿಗಳ ಸಾಲು ದಾಟಿ ಬಸ್ಸು ಕಾಲೇಜು ಮುಟ್ಟುವ ಹೊತ್ತಿಗೆ ಅರ್ಧ ಗಂಟೆ ತಡವಾಗಿರುತ್ತೆ. ಯಾರೂ ಕೇಳುವುದಿಲ್ಲ.

ಕಾಲೇಜು ಹೇಗಿದೆ ಅಂತ ಕೇಳಿದ್ದೀಯ. ಹದಿನೆಂಟು ವರ್ಷ ಫ್ಯಾಕ್ಟರಿಯಲ್ಲಿ ಫಿಟ್ಟರಾಗಿದ್ದವನು, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಕೈಕೆಲಸ ಕಲಿಸಬಹುದು ಅಂತ ಆಸೆಪಟ್ಟು ಇಲ್ಲಿ ಸೇರಿದೆ. ಈಗ ಗೇಟು ಕಂಡರೇ ಮೈ ಉರಿಯುತ್ತೆ. ವಿಶ್ವವಿದ್ಯಾಲಯದವರ ಇನ್‌ಸ್ಪೆಕ್ಷನ್ನಿಗೆ ಅಂತ ತಂದ ಲೇತು ಇವತ್ತಿಗೂ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದೆ. ಅವತ್ತು ಅದಕ್ಕೆ ಹೂವಿನ ಹಾರ ಹಾಕಿದ್ದರು, ಕರೆಂಟ್ ಕೊಟ್ಟಿರಲಿಲ್ಲ.

ಕೊನೇ ವರ್ಷದ ಹುಡುಗನೊಬ್ಬ ಪ್ರಾಡಕ್ಟ್ ಡಿಸೈನ್ ಪಾಠಕ್ಕೆ ಅಂತ ಮಾವು ಕೀಳುವ ಸಾಧನದ ನಕ್ಷೆ ತಂದು ತೋರಿಸಿದ. ಕತ್ತರಿಯ ನೇರ ಕೆಳಗೆ ಹಿಡಿದವನ ಮುಖ ಬರುತ್ತೆ, ತೊಟ್ಟು ಕಡಿದರೆ ಸೊನೆ ಅವನ ಕಣ್ಣಿಗೇ. ಸ್ಕ್ರೂ ಇಟ್ಟ ಜಾಗಕ್ಕೆ ಸ್ಕ್ರೂಡ್ರೈವರ್ ಹೋಗಲು ದಾರಿಯೇ ಇಲ್ಲ. ಯಾವತ್ತಾದರೂ ಮಾವಿನ ಮರದ ಕೆಳಗೆ ನಿಂತಿದ್ದೀಯೇನಪ್ಪಾ ಅಂದೆ. ಮಂಡಿಯಲ್ಲಿ ಹಣ್ಣು ನೋಡಿದ್ದೇನೆ ಸಾರ್ ಅಂದ. ಆ ನಕ್ಷೆಗೆ ಐವತ್ತಕ್ಕೆ ನಲವತ್ತೆಂಟು ಕೊಟ್ಟಿದ್ದಾರೆ.

ಅದನ್ನಾದರೂ ನಕ್ಕು ಬಿಡಬಹುದು. ಪರೀಕ್ಷೆಯ ಜಾಬಿನ ವಿಷಯ ಮಾತ್ರ ವಾಕರಿಕೆ ತರಿಸುತ್ತೆ. ಮೊದಲ ವರ್ಷದವರು ಪರೀಕ್ಷೆಯಲ್ಲಿ ಎರಡು ಕಬ್ಬಿಣದ ತುಂಡುಗಳನ್ನು ಅರದಲ್ಲಿ ಉಜ್ಜಿ, ಸಂದಿಯಲ್ಲಿ ಬೆಳಕು ತೂರದ ಹಾಗೆ ಒಂದರೊಳಗೊಂದು ಕೂರಿಸಬೇಕು. ನೀನೂ ಮಾಡಿದ ಜಾಬೇ ಅದು. ವರ್ಷವಿಡೀ ಅರ ಮುಟ್ಟದವರು ಮೂರು ಗಂಟೆಯಲ್ಲಿ ಏನು ಮಾಡಿಯಾರು? ಅದಕ್ಕೆ ನಮ್ಮ ವರ್ಕ್‌ಶಾಪ್ ಸೂಪರಿಂಟೆಂಡೆಂಟ್ ವೆಂಕಟರಾಯಪ್ಪ ಒಂದು ದಾರಿ ಮಾಡಿಕೊಂಡಿದ್ದಾರೆ. ಪರೀಕ್ಷೆಗೆ ಮೊದಲೇ ಅಷ್ಟೂ ಜೊತೆ ನಾನು ಉಜ್ಜಿಡಬೇಕು. ಹುಡುಗರು ಅವತ್ತು ಅದರ ಮೇಲೆ ತಮ್ಮ ನಂಬರು ಹೊಡೆದು ಒಪ್ಪಿಸುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ಊಟ ಮಾಡಿ ಸಹಿ ಹಾಕುತ್ತಾರೆ.

ಎರಡು ವರ್ಷ ಮಾಡಿಕೊಟ್ಟೆ. ನಿನ್ನ ಓದು ಇತ್ತು, ಬಾಯಿ ಮುಚ್ಚಿಕೊಂಡಿದ್ದೆ. ಹೋದ ವರ್ಷ ಹನ್ನೆರಡು ಜೊತೆ ಹೆಚ್ಚಿಗೆ ಮಾಡಿಸಿಕೊಂಡರು. ಬೆಂಗಳೂರಿನ ಯಾವುದೋ ಕಾಲೇಜಿನಲ್ಲಿ ಅವರ ಷಡ್ಡಕ ಇದ್ದಾರಂತೆ, ಅಲ್ಲಿಗೂ ಬೇಕಂತೆ. ಮಾವಿನಹಣ್ಣು ಒಯ್ಯುವ ಹಾಗೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಥೂ ಅನ್ನಿಸಿತು, ಅವರ ಮೇಲಲ್ಲ, ನನ್ನ ಮೇಲೆ.

ಈ ಸಲ ಆಗಲ್ಲ ಅಂದುಬಿಟ್ಟೆ. ಕೈ ನೋವಾ ಅಂದರು. ಕೈ ಚೆನ್ನಾಗಿದೆ ಸಾರ್, ಈ ಕೆಲಸಕ್ಕೆ ಕೊಡಲ್ಲ ಅಂದೆ. ಕೆಲಸ ಬೇಡವಾ, ಪ್ರಿನ್ಸಿಪಾಲರಿಗೆ ಹೇಳಲಾ ಎಂದೆಲ್ಲ ಹೆದರಿಸಿ ನೋಡಿದರು. ನಾನು ಜಗ್ಗದಿದ್ದಾಗ ನಕ್ಕರು.

"ನಿಮ್ಮ ಹುಡುಗಾನೂ ಇದನ್ನೇ ಓದ್ತಾ ಇದಾನಲ್ಲ ಮುನಿರಾಮಪ್ಪ. ಅವನೇನು ಅರ ಹಿಡಿದು ಪಾಸಾದ ಅನ್ಕೊಂಡಿದೀರಾ?"

"ನನ್ನ ಮಗ ತಾನೇ ಉಜ್ಜಿ ಪಾಸಾದೋನು ಸಾರ್. ವರ್ಕ್‌ಶಾಪಲ್ಲಿ ಅವನೇ ಫಸ್ಟು," ಅಂದೆ. ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಅಂದೆ.

ಮಾರನೇ ದಿನದಿಂದ ನನ್ನನ್ನು ಸ್ಟೋರಿಗೆ ಹಾಕಿದ್ದಾರೆ. ನಟ್ಟು ಬೋಲ್ಟು ವಿಂಗಡಿಸುತ್ತಾ ಕೂತಿದ್ದೇನೆ. ಜಾಬುಗಳನ್ನು ಮಾಲೂರಿನಿಂದ ಒಬ್ಬನನ್ನು ಕರೆಸಿ ಮಾಡಿಸುತ್ತಿದ್ದಾರೆ. ಇದೇ ಹುಡುಗರು ನಾಳೆ ಬಾಯ್ಲರಿಗೆ, ಬಸ್ಸಿನ ಬ್ರೇಕಿಗೆ ಸರಿಯಿದೆ ಅಂತ ಸಹಿ ಹಾಕುತ್ತಾರೆ.

ಹೊತ್ತು ಹೊತ್ತಿಗೆ ಊಟ ಮಾಡು. ಪರೀಕ್ಷೆ ಮುಗಿದ ಕೂಡಲೇ ಊರಿಗೆ ಬಾ, ಬಾದಾಮಿ ಮಾವು ಅಷ್ಟು ಹೊತ್ತಿಗೆ ಇನ್ನೂ ಇರುತ್ತೆ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ಇಂತಿ ನಿನ್ನ ತಂದೆ,
ಮುನಿರಾಮಪ್ಪ

ತಾ. ಕ.: ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ, ಮನಸ್ಸು ಕೇಳಲಿಲ್ಲ. ಸೂಪರಿಂಟೆಂಡೆಂಟರಿಗೆ ಹಾಗೆ ಹೇಳಿ ಬಂದ ದಿನ, ದೇವರ ಗೂಡಿನಲ್ಲಿಟ್ಟಿದ್ದ ನಿನ್ನ ಜಾಬನ್ನು ಕೆಳಗಿಳಿಸಿದೆ. ಹೋದ ವರ್ಷ ಪರೀಕ್ಷೆ ಮುಗಿದ ಮೇಲೆ ಕಾಲೇಜಿನವರನ್ನು ಕೇಳಿ ತಂದದ್ದು ಅಂತ ನೀನು ಅಮ್ಮನ ಕೈಗೆ ಕೊಟ್ಟದ್ದು. ಮಗನ ಮೊದಲ ಕೆಲಸದಲ್ಲಿ ತಪ್ಪು ಹುಡುಕಬಾರದು ಅಂತ ನಾನು ಒಂದು ದಿನವೂ ಅದಕ್ಕೆ ಮಟ್ಟಗೋಲು ಹಿಡಿದಿರಲಿಲ್ಲ. ಅವತ್ತು ಹೆಮ್ಮೆಗೆ ಹಿಡಿದೆ. ಫ್ಯಾಕ್ಟರಿಯಲ್ಲಿ ನನ್ನ ಎಡಗೈ ಹೆಬ್ಬೆರಳಿನ ತುದಿ ಹೋದ ಮೇಲೆ, ಅರವನ್ನು ಎಷ್ಟು ಬಿಗಿಯಾಗಿ ಹಿಡಿದರೂ ಬಲಮೂಲೆ ಒಂದು ಕೂದಲೆಳೆಯಷ್ಟು ತಗ್ಗುತ್ತೆ. ನಿನ್ನ ಜಾಬಿನ ಬಲಮೂಲೆ ತಗ್ಗಿದೆ.

ಅದು ಬೆಂಗಳೂರಿಗೆ ಹೋದ ಆ ಹನ್ನೆರಡು ಜೊತೆಯಲ್ಲಿ ಒಂದು ಕಣೋ. ನಾನು ಉಜ್ಜಿದ್ದನ್ನೇ ನೀನು ಮಾಡಿದ್ದು ಅಂತ ನನ್ನ ಮನೆಗೇ ತಂದೆ. ಯಾರ ಕೆಲಸ ಅಂತ ನಿನಗೆ ಗೊತ್ತಿರಲಿಲ್ಲ, ಅದನ್ನು ನಂಬುತ್ತೇನೆ. ಅರ ಹಿಡಿದಿದ್ದರೆ ಗೊತ್ತಾಗುತ್ತಿತ್ತು.

ಅಮ್ಮನಿಗೆ ಹೇಳಿಲ್ಲ. ನಿನ್ನೆ ಕೂಡ ಅಕ್ಕಯಮ್ಮನಿಗೆ ಅದನ್ನು ಸೆರಗಿನಲ್ಲಿ ಒರೆಸಿ ತೋರಿಸಿ, "ಮಾ ವಾಡು ಚೇಸಿಂದಿ," ನಮ್ಮ ಹುಡುಗ ಮಾಡಿದ್ದು ಅಂದಳು. ನಾನು ಹೂಂ ಅಂದೆ.

ಅದರಲ್ಲಿ ನಿನ್ನದು ಅಂತ ಇರುವುದು ನಂಬರೊಂದೇ. ಅದನ್ನಾದರೂ ನೀನೇ ಹೊಡೆದೆಯಾ? ಅಷ್ಟನ್ನು ಬರೆದು ತಿಳಿಸು.