ಒಂದು ತೋಳಿನ ಸ್ವೆಟರ್

ಕಟ್ಟಡದ ಮಾಲೀಕರೇ,

ಉಣ್ಣೆ ಅಂಗಡಿ ಇನ್ನೊಂದು ವರ್ಷ ಇರುತ್ತದೆ ಎಂದಿರಿ, ಬೀಗ ಜಡಿದಿರಿ. ಹಿಂದಿನ ಕೋಣೆಯನ್ನಾದರೂ ಹೆಣೆಯುವವರಿಗೆ ಬಿಡುತ್ತೇನೆ ಎಂದಿರಿ. ನಾವು ಕೂರುತ್ತಿದ್ದ ಬೆಂಚನ್ನೂ ಬೀದಿಗೆಸೆದಿರಿ.

ನಾನು ಒಂಟಿ ಹೆಂಗಸು. ಬೇಕೆಂದೇ ಒಂದು ಸಲಕ್ಕೆ ಒಂದೇ ಉಂಡೆ ಉಣ್ಣೆ ಕೊಳ್ಳುತ್ತಿದ್ದೆ. “ಏನೇ, ಸ್ವೆಟರ್ ಹೆಣೀತಿದ್ದೀಯೋ, ಇಲ್ಲಿಗೆ ಬರೋಕೆ ನೆಪ ಹೆಣೀತಿದ್ದೀಯೋ?” ಎಂದು ಅಂಗಡಿಯಕ್ಕ ಕಿಚಾಯಿಸುತ್ತಿದ್ದಳು. ಈಗ ಅದೇ ಬಣ್ಣ ಬೇರೆಲ್ಲೂ ಸಿಗದೆ ಸ್ವೆಟರ್ ಒಂದೇ ತೋಳಿಗೆ ನಿಂತಿದೆ. ನಿನ್ನೆಯಿಡೀ ನಾನು ಬಾಯಿ ತೆರೆದದ್ದು ಹಾಲಿನವನಿಗೆ “ಸಾಕು” ಅನ್ನಲು ಮಾತ್ರ.

ಕರುಣೆ ಬೇಡ, ಕೋಣೆ ಕೊಡಿ. ಅಂಗಡಿಯ ಮೆಟ್ಟಿಲ ಮೇಲೆ ಸಭೆ ಕರೆದಿದ್ದೇನೆ. ಯಾರೂ ಬರದಿದ್ದರೆ, ಇರುವ ಒಂದು ತೋಳನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಾ ನಾನೊಬ್ಬಳೇ ಕೂತಿರುತ್ತೇನೆ. ನೀವೂ ಬನ್ನಿ: ಗುರುವಾರ, ಸಂಜೆ ನಾಲ್ಕಕ್ಕೆ.

ಇತಿ,
ಹಿಂದಿನ ಕೋಣೆಯ ಬೆಂಚಿನವಳು