ಹೆಗಲ ಮೇಲಿನ ಕೈ

ಬುಧವಾರ, ಮಧ್ಯಾಹ್ನ

ಅತ್ತಿಗೆಯವರಿಗೆ ನಿಮ್ಮ ತಮ್ಮನ ಹೆಂಡತಿ ಮಾಡುವ ನಮಸ್ಕಾರ.

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಕಾಗುಣಿತವೂ ಅಷ್ಟಕ್ಕಷ್ಟೇ. ಕ್ಷಮಿಸಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಎಂದು ಬಂದವರಿಗೆಲ್ಲ ನೀವೇ ಹೇಳುತ್ತೀರಲ್ಲ, ಹೊಸ ವಿಷಯವೇನಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ನಮ್ಮ ಮೆಟ್ಟಿಲ ಕೆಳಗಿರುವ ಪೆಟ್ಟಿಗೆಯ ವಿಷಯ. ನೀವು ಅದನ್ನು ಸರ್ವರ್ ಎನ್ನುತ್ತೀರಿ, ಅತ್ತೆ ಫೋಟೋ ಪೆಟ್ಟಿಗೆ ಎನ್ನುತ್ತಾರೆ. ಮನೆಯವರ ಫೋಟೋಗಳೆಲ್ಲ ಅದರೊಳಗಿವೆ. ನಿಮ್ಮ ಮನೆಯಲ್ಲಿ ಕೂತು ಅವನ್ನು ಒಪ್ಪ ಮಾಡುವವರು ನೀವು, ಇಲ್ಲಿ ಟಿವಿಯಲ್ಲಿ ನೋಡುವವರು ನಾವು. ಹೋದ ತಿಂಗಳು ಅದು ಮುದಿ ನಾಯಿಯ ಹಾಗೆ ಗೊರಗೊರ ಎನ್ನತೊಡಗಿತು. ನೀವು ನಿಮ್ಮ ತಮ್ಮನಿಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿತು. "ಅವಳು ಮುಟ್ಟೋದು ಬೇಡ. ನಾನೇ ಬಂದು ಒಳ್ಳೇ ಸಿಸ್ಟಮ್ ಕೊಂಡು ಹಾಕ್ತೀನಿ. ಬಿಟ್ಟಿ ಬಂದಿದ್ದಕ್ಕೆ ಬೆಲೆ ಇರಲ್ಲ." ನಾನು ಬರಿಗೈಯಲ್ಲಿ ಈ ಮನೆಗೆ ಬಂದ ದಿನವೂ ಇದೇ ಮಾತು ಹೇಳಿದ್ದಿರಿ. ಆಗ ಮಾತು ಪೆಟ್ಟಿಗೆಯ ಮೇಲಿರಲಿಲ್ಲ.

ನೀವು ಬರಲಿಲ್ಲ, ಟಿವಿಗೆ ಫೋಟೋ ಬರುವುದು ನಿಂತಿತು. ಫೋಟೋ ಇಲ್ಲದೆ ಅತ್ತೆ ಚಡಪಡಿಸಿದರು. ನನ್ನ ಹೊಲಿಗೆ ಅಂಗಡಿಯ ಪಕ್ಕದ ಕಂಪ್ಯೂಟರ್ ರಿಪೇರಿಯವನನ್ನು ಕರೆದೆ. ಹಳೆಯ ಸಿಸ್ಟಮ್ ಒರೆಸುವ ಮೊದಲು ಅವನು, "ಅಕ್ಕ, ಅಳಿಸಿದ ಫೋಟೋ ಬೀಳೋ ಕಸದ ಬುಟ್ಟಿ ತುಂಬಿ ತುಳುಕ್ತಿದೆ, ನೋಡ್ಕೊಂಡು ಬಿಡಿ" ಎಂದ. ಅತ್ತಿಗೆ, ಅಳಿಸುವುದು ನಿಮ್ಮ ಕೆಲಸ, ಬುಟ್ಟಿ ಬರಿದು ಮಾಡುವುದು ಯಾವತ್ತೂ ಬೇರೆಯವರ ಕೆಲಸ. ಇಲ್ಲಿಗೆ ಬಂದಾಗಲೂ ಹಾಗೇ.

ಬುಟ್ಟಿಯ ತುಂಬ ನಾನಿದ್ದೆ.

ಆಸ್ಪತ್ರೆಯ ಮಂಚದಲ್ಲಿ ಕೂತು, ಮಗಳನ್ನು ಎತ್ತಿಕೊಂಡ ಅತ್ತೆಯ ಹೆಗಲ ಮೇಲೆ ಕೈಯಿಟ್ಟಿದ್ದೇನೆ. ಟಿವಿಯಲ್ಲಿ ಬರುತ್ತಿದ್ದದ್ದು ಮಗು, ಅತ್ತೆ ಮತ್ತು ಒಂದು ಕೈ. ಯಾರ ಕೈ ಎಂದು ಅತ್ತೆ ಕೇಳಿದಾಗ ನೀವು "ನರ್ಸ್‌ದು, ಅಮ್ಮ" ಎಂದಿರಿ. ಮಗಳ ಶಾಲೆಯ ಮೊದಲ ದಿನದಲ್ಲೂ ಬರೀ ಕೈ. ನಿಮ್ಮ ಹೊಸ ಮನೆಯ ಮುಂದೆ ನಿಂತದ್ದರಲ್ಲಿ ಅದೂ ಇಲ್ಲ. ನನಗೆ ಕ್ಯಾಮೆರಾ ಕಂಡರೆ ನಾಚಿಕೆ. ಓರೆಯಲ್ಲಿ ನಿಂತಿರುತ್ತೇನೆ, ಅದಕ್ಕೇ ಬಿದ್ದಿಲ್ಲ ಎಂದುಕೊಂಡಿದ್ದೆ. "ನಾನು ಹುಟ್ಟಿದಾಗ ನೀನೆಲ್ಲಿ ಹೋಗಿದ್ದೆ ಅಮ್ಮ?" ಎಂದು ಮಗಳು ಗುಂಡಿ ಕೇಳಿದಾಗಲೂ ಹಾಗೇ ಹೇಳಿದ್ದೆ. ಅವಳು ನಂಬಲಿಲ್ಲ. ಅಜ್ಜಿ ಬಂದಿದ್ದರು, ಅಮ್ಮ ಬಂದಿರಲಿಲ್ಲ ಎಂದು ಗೆಳತಿಯರ ಹತ್ತಿರ ಹೇಳಿಕೊಂಡು ತಿರುಗಿದಳು. ಹೆತ್ತವಳು ನಾನು.

ಕತ್ತರಿ ಹಿಡಿದು ಹೊಟ್ಟೆ ಹೊರೆಯುವವಳು ನಾನು. ನಾನೂ ಇಷ್ಟು ಸಲೀಸಾಗಿ ಕತ್ತರಿಸುವುದಿಲ್ಲ.

ಆಮೇಲೆ ರಿಪೇರಿಯವನು ಪೆಟ್ಟಿಗೆಯನ್ನು ನಡೆಸುವ ಮೂರು ಸಿಸ್ಟಮ್ ಹೇಳಿದ. ಮೂರೂ ಬಿಟ್ಟಿ. ಮೂರನ್ನೂ ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ, ಬಟ್ಟೆಯ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿದ ಹಾಗೆ. ಉಬುಂಟು ಹಾಕಿದರೆ ತೊಡಕು ಬಂದಾಗ ಕೇಳಲು ಬೇಕಾದಷ್ಟು ಜನ. ಡೆಬಿಯನ್ ಹಾಕಿದರೆ ಎತ್ತಿನ ಹಾಗೆ ತಲೆ ಬಗ್ಗಿಸಿ ದುಡಿಯುತ್ತದೆ. ಟ್ರೂನ್ಯಾಸ್ ಕಡತ ಕಾಯುವುದಕ್ಕೇ ಹುಟ್ಟಿದ್ದು, ಆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ. ನಾನು ಮೂರಕ್ಕೂ ಒಂದೇ ಪ್ರಶ್ನೆ ಕೇಳಿದೆ, ಒಬ್ಬರು ಕದ್ದು ಅಳಿಸಿದರೆ ಏನಾಗುತ್ತದೆ ಎಂದು. "ಎಲ್ರೂ ಸ್ಪೀಡ್ ಕೇಳ್ತಾರೆ, ನೀವೇನಕ್ಕ ಪೊಲೀಸರ ಥರ?" ಎಂದು ನಕ್ಕ. ಮೊದಲೆರಡಕ್ಕೂ ಆ ವಿದ್ಯೆ ಕಲಿಸಬಹುದು, ಮೂರನೆಯದಕ್ಕೆ ಅದು ಹುಟ್ಟುಗುಣ ಎಂದ. ದಿನಾ ಇದ್ದದ್ದು ಇದ್ದ ಹಾಗೇ ಒಂದು ಗುರುತು ಇಟ್ಟುಕೊಳ್ಳುತ್ತದಂತೆ. ಇವತ್ತು ಯಾರು ಏನೇ ಅಳಿಸಲಿ, ನಿನ್ನೆಯದು ವಾಪಸ್ಸು ಬರುತ್ತದೆ. ಅಲ್ಲೇ ಆರಿಸಿಬಿಟ್ಟೆ. ತಿನ್ನಲಿ ಎಂದು ಮೆಮೊರಿಯನ್ನೂ ಹಾಕಿಸಿದೆ.

ನಿಮ್ಮ ಹೆಸರು ತೆಗೆದಿಲ್ಲ, ಹಳೆಯ ಪಾಸ್‌ವರ್ಡೇ ನಡೆಯುತ್ತದೆ. ನೋಡಬಹುದು, ಸೇರಿಸಬಹುದು. ಬೇಕಾದರೆ ನನ್ನನ್ನು ಕತ್ತರಿಸಲೂಬಹುದು, ಕೈ ಹಿಡಿಯುವುದಿಲ್ಲ. ಮಾರನೆಯ ಬೆಳಿಗ್ಗೆ ನಾನು ಮತ್ತೆ ಬಂದು ನಿಂತಿರುತ್ತೇನೆ. ಯಜಮಾನಿಕೆ ಈಗ ನನ್ನದು. ನಿಮಗೆ ಸುಸ್ತಾಗುವವರೆಗೂ ಕತ್ತರಿಸಿ. ಅದನ್ನು ನೋಡುವ ಆಸೆ ನನಗಿದೆ.

ಭಾನುವಾರ ನೀವು, ಭಾವ, ಮಕ್ಕಳು ಎಲ್ಲ ಊಟಕ್ಕೆ ಬರುತ್ತೀರಲ್ಲ. ಊಟಕ್ಕೆ ಕೂರುವ ಮುಂಚೆ ಆ ಕೈ ಯಾರದೆಂದು ಅತ್ತೆಗೆ ಮತ್ತು ಗುಂಡಿಗೆ ನಿಮ್ಮ ಬಾಯಿಂದಲೇ ಹೇಳಿ. ಹೇಳದಿದ್ದರೆ ಟಿವಿ ಹೇಳುತ್ತದೆ. ನೀವು ಕತ್ತರಿಸಿದ್ದು ಎಡಕ್ಕೆ, ಬುಟ್ಟಿಯಲ್ಲಿ ಸಿಕ್ಕಿದ್ದು ಬಲಕ್ಕೆ, ಜೋಡಿ ಜೋಡಿಯಾಗಿ ಇಟ್ಟಿದ್ದೇನೆ. ಅಲ್ಲಿಯವರೆಗೆ ಕಾಯುತ್ತೇನೆ. ಕಾಯುವುದು ನನಗೆ ಹೊಸದಲ್ಲ.

ಇಂತಿ,
ಚೌಕಟ್ಟಿನ ಆಚೆ ನಿಂತಿದ್ದ,
ನಿಮ್ಮ ತಮ್ಮನ ಹೆಂಡತಿ

ಮರೆತ ಮಾತು: ಅಂಚೆಗೆ ಹಾಕುವುದು ಒಂದು ದಿನ ತಡವಾಯಿತು. ಕಾಯುತ್ತೇನೆ ಎಂದು ಬರೆದೆನಲ್ಲ, ಕಾಯಲಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಯ ಕಸ ಹೊರಗಿಟ್ಟು ಬಂದು ಕೈ ತೊಳೆದು ಟಿವಿ ಹಾಕಿದೆ. ಗುಂಡಿ ಶಾಲೆಗೆ ಹೊರಡಲು ಒಲ್ಲೆ ಎಂದು ಟಿವಿ ಮುಂದೆ ಕೂತಿದ್ದಾಳೆ. ಅತ್ತೆ ಕನ್ನಡಕ ಏರಿಸಿಕೊಂಡು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಪರದೆ ನೋಡಿ, ಮತ್ತೆ ಕೈ ನೋಡಿ, "ಭಾನುವಾರ ಅವಳು ಬರ್ಲಿ" ಎಂದರು. ಅಷ್ಟೇ ಅಂದದ್ದು. ತಪ್ಪದೆ ಬನ್ನಿ.